ಕಳಸಗಿತ್ತಿಯ ರಾಜೀನಾಮೆ

ಮಾದಾಪುರ
೧೪ ಜುಲೈ ೨೦೨೫

ಶ್ರೀಮನ್ಮಹಾ ಕೋಠಿ ಸಂಸ್ಥಾನದ ಯುವರಾಜ, ಜವಳಿ ಕುಲತಿಲಕ, ರಿಯಾಯಿತಿ ದರದ ರವಿಕೆಕಣಗಳ ಏಕೈಕ ವಾರಸುದಾರ, ನಾಲ್ಕನೇ ಮಹಡಿಯ ನಿರಂತರ ಲಾಗಿನ್ ಚಕ್ರವರ್ತಿ, ಉಭಯ ಪಾರ್ಕಿಂಗ್ ಸಾರ್ವಭೌಮ, ಹೆಲ್ಮೆಟ್ಟುಧಾರಿ ಶ್ರೀ ಶ್ರೀ ಶ್ರೀ ಶರಣಕುಮಾರ ಮಹಾಪ್ರಭುಗಳ ದಿವ್ಯ ಸನ್ನಿಧಾನಕ್ಕೆ,

ಪುತ್ತೂರಿನ ಕೃಪಾ ಎಂಬ ಬಡ ಪ್ರಜೆ ಅಡ್ಡಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ: ನಿನ್ನೆ ಬೆಳಿಗ್ಗೆ ನನಗೊಂದು ಬಡ್ತಿ ಸಿಕ್ಕಿದೆ.

ಹಲ್ಲುಜ್ಜುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್. "ಕೃಪಾ ಏನವ್ವಾ? ನಾ ಶರಣೂನ ಅವ್ವ ಮಾತಾಡಾಕತ್ತೀನಿ. ಪಂಚಮಿಗೆ ಮನೀಗೆ ಬರಬೇಕ ನೋಡು. ಅಣ್ಣಗ ರಾಖಿ ಕಟ್ಟಿದಾಕಿ ಪಂಚಮಿಗೆ ಬರಲಿಲ್ಲಂದ್ರ ಹೆಂಗ?"

ಬಾಯಲ್ಲಿದ್ದ ನೊರೆಯನ್ನೆಲ್ಲ ನುಂಗಿದೆ. ನಾನು ಯಾವಾಗ ನಿನಗೆ ರಾಖಿ ಕಟ್ಟಿದೆ ಮಾರಾಯ?

ದಾಖಲೆಗಾಗಿ ನೆನಪಿಸುತ್ತೇನೆ. ಹೋದ ನವೆಂಬರಿನಿಂದ ನಮ್ಮಿಬ್ಬರ ನಡುವೆ ಇರುವುದಕ್ಕೆ ಹೆಸರಿಲ್ಲ. ಹೆಸರು ಬೇಡವೆಂದು ನಾವೇ ತೀರ್ಮಾನಿಸಿದ್ದು. ಇಬ್ಬರಿಗೂ ಇಪ್ಪತ್ತೆಂಟು ದಾಟಿದೆ, ಇಬ್ಬರಿಗೂ ಬುದ್ಧಿಯಿದೆ ಎಂದು ನಂಬಿಕೆ. ಬೇಕೆನಿಸಿದ ಶನಿವಾರ ನೀನು ನನ್ನ ಕೋಣೆಗೆ ಬರುವುದು, ಬೇಡವೆನಿಸಿದರೆ ಬಾರದಿರುವುದು. ಹಕ್ಕಿಲ್ಲ, ವಿಚಾರಣೆಯಿಲ್ಲ, ಮದುವೆಯ ಮಾತಿಲ್ಲ. ಇರುವುದು ಒಂದೇ ನಿಯಮ: ಯಾರಿಗಾದರೂ ಬೇರೆ ಕಡೆ ಗಟ್ಟಿಯಾದರೆ ಮೊದಲು ಇನ್ನೊಬ್ಬರಿಗೆ, ಸ್ವಂತ ಬಾಯಿಂದ, ಹೇಳಬೇಕು. ನಿನ್ನ ಸೋದರಮಾವನ ಮಗಳು ಪಿಂಕಿ ನಿನ್ನ ಫೋನನ್ನು ಪಂಚಾಂಗದಂತೆ ದಿನವೂ ತೆರೆದು ನೋಡುವ ಕಾರಣ, ಬರೆಯುವುದೇನಿದ್ದರೂ ಕಾಗದದ ಮೇಲೆ, ಪಾರ್ಕಿಂಗಿನಲ್ಲಿ ನೇತಾಡುವ ಹೆಲ್ಮೆಟ್ಟಿನೊಳಗೆ. ಇಷ್ಟೇ ನಮ್ಮ ಸಂವಿಧಾನ. ಇದರಲ್ಲಿ ತಂಗಿಯ ಹುದ್ದೆ ಯಾವಾಗ ಸೃಷ್ಟಿಯಾಯಿತು?

ನಮ್ಮ ಟೀಮಿಗೆ ನೆದರ್ಲ್ಯಾಂಡ್ಸಿನಿಂದ ಬಂದಿದ್ದ ಆನಿಕಾಳನ್ನು ನೆನಪು ಮಾಡಿಕೋ. ಹೋದ ವರ್ಷ ಆಫೀಸಿನ ರಾಖಿ ಹಬ್ಬದಲ್ಲಿ ಸಾಲಾಗಿ ಎಲ್ಲ ಗಂಡಸರಿಗೂ ಕಟ್ಟುತ್ತಾ ಹೋಗಿ, ತಾನು ಜೊತೆಯಲ್ಲಿ ಮಲಗುತ್ತಿದ್ದ ವಿಜಯಕುಮಾರನಿಗೂ ಕಟ್ಟಿಬಿಟ್ಟಳು! ಅವನು ಕರೆಂಟು ಹೊಡೆದವನ ಹಾಗೆ ಕೈ ಹಿಂದೆಳೆದ. "ಯಾಕೆ, ಬರೀ ದಾರ ತಾನೆ?" ಎಂದು ಅವಳು ಕೇಳಿದಾಗ ನಾವಿಬ್ಬರೂ ನೀರಿನ ಕ್ಯಾನುಗಳ ಹಿಂದೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಈಗ ಯಾರು ನಗಬೇಕೆಂದು ಅಪ್ಪಣೆಯಾಗಲಿ.

ಇಂತಿ,
ನೇಮಕಾತಿ ಪತ್ರಕ್ಕಾಗಿ ಕಾಯುತ್ತಿರುವ ತಾತ್ಕಾಲಿಕ ತಂಗಿ
ಕೃಪಾ

———

ಕೋಠಿ
೧೬ ಜುಲೈ

ಕೃಪಾ,

ಸಿಟ್ಟಾಗಬ್ಯಾಡ. ಆದದ್ದು ಹಿಂಗ.

ಬೆಳಗಿನ ಜಾವ ವಿಮಾನ ನೋಡಾಕ ಶಂಶಾಬಾದಿಗೆ ಹೋಗಿ ಹೈವೇ ಬದಿ ಚಾ ಕುಡದಿದ್ವಲ್ಲ, ಆ ಫೋಟೊ ಪಿಂಕಿ ನನ್ನ ಫೋನಿನ್ಯಾಗ ನೋಡಿ ಅವ್ವಗ ತೋರಿಸಿಬಿಟ್ಟಳು. "ಯಾರಲೇ ಇಕಿ?" ಅಂದ್ಲು ಅವ್ವ. ಆಫೀಸಿನಾಕಿ ಅಂದೆ. "ಆಫೀಸಿನಾಕಿ ನಿನ್ನ ಸ್ವೆಟರ್ ಯಾಕ ಹಾಕ್ಕೊಂಡಾಳ?" ಅಂದ್ಲು. ಅಪ್ಪ ಅಲ್ಲೇ ಕುಂತಿದ್ದ. ನನ್ನ ತಲಿ ಓಡಲಿಲ್ಲ. ರಾಖಿ ಕಟ್ಯಾಳ, ತಂಗಿ ಇದ್ದಂಗ ಅಂದುಬಿಟ್ಟೆ.

ನಮ್ಮ ಮನಿಯಾಗ ಹೆಣ್ಮಗಳಿಲ್ಲ, ಗೊತ್ತಲ್ಲ. ಅವ್ವನ ಮುಖ ಅರಳಿದ್ದು ನೋಡಿ ಮತ್ತ ಸುಳ್ಳು ಅನ್ನಾಕ ಬಾಯಿ ಬರಲಿಲ್ಲ. ಒಮ್ಮೆ ಬಂದು ಹೋಗು. ನಿನಗ ನಾಟಕ ಅಂದ್ರ ಭಾಳ ಸೇರತೈತಿ.

ಶರಣು

———

ಕೋಠಿ
೨ ಆಗಸ್ಟ್

ಚಿ. ಕುಮಾರಿ ಕೃಪಾಗೆ ಶಿವದೇವಿಯ ಆಶೀರ್ವಾದಗಳು.

ನನಗ ಮೊಬೈಲಿನ್ಯಾಗ ಬರಿಯಾಕ ಬರೂದಿಲ್ಲ, ಅದಕ್ಕ ಕೈಲೆ ಬರದು ಡಬ್ಬಿ ಜೋಡಿ ಶರಣೂನ ಕೈಯಾಗ ಕಳಸೀನಿ. ಎಳ್ಳುಂಡಿ, ಶೇಂಗಾ ಉಂಡಿ ಅದಾವು. ನಿನ್ನ ಆಫೀಸಿನ ಹುಡುಗ್ಯಾರಿಗೂ ಕೊಡು. ಅಳ್ಳಿಟ್ಟು ನೀ ಒಬ್ಬಾಕೀನೇ ತಿನ್ನು.

ಪಂಚಮಿ ದಿನ ನೀ ಜೋಕಾಲಿ ಮ್ಯಾಲ ನಿಂತು ಮಹಾರಾಜರ ಗತ್ತಿನ್ಯಾಗ ನಮ್ಮನಿಯವ್ರಿಗೆ "ಕಲ್ಯಾಣಪ್ಪನವರೇ, ಜೀಕಲು ಅಪ್ಪಣೆಯೇ?" ಅಂತ ಕೇಳಿದ್ದನ್ನ ನೆನಸಿ ನೆನಸಿ ಅವರು ಅಂಗಡ್ಯಾಗೂ ನಗಾಕತ್ತಾರ. ಗಿರಾಕಿ ಮುಂದ ನಗೂ ಮನಿಷ್ಯಾ ಅಲ್ಲ ಅವರು. ಮ್ಯಾಲ ಹತ್ತಿದಾಗ ಚಾರಮಿನಾರ ಕಾಣತೈತಿ ಅಂತ ಸುಳ್ಳ ಹೇಳಿ ಪಿಂಕಿನ್ನೂ ಹತ್ತಿಸಿದೆಲ್ಲ, ಆಕಿ ಇನ್ನೂ ಹುಡಕಾಕತ್ತಾಳ.

ಉಡಿ ತುಂಬೂ ಮುಂದ ನಿನ್ನ ಕಣ್ಣಾಗ ನೀರ ಬಂದದ್ದ ನೋಡೀನಿ. ಯಾಕಂತ ಕೇಳಲಿಲ್ಲ. ಉಡಿ ತುಂಬಿಸಿಕೊಂಡಾಕಿ ಈ ಮನಿ ಮಗಳು. ಐತವಾರ ಐತವಾರ ಬರಬೇಕು. ಮೆಟ್ರೋದಾಗ ಏನ್ ದೂರ?

ಇಂತಿ ನಿನ್ನ ಅವ್ವ,
ಶಿವದೇವಿ

———

ಮಾದಾಪುರ
೯ ಸೆಪ್ಟೆಂಬರ್

ಅಣ್ಣಯ್ಯನವರಿಗೆ,

ಸಂಬೋಧನೆ ಗಮನಿಸಬೇಕು. ಇನ್ನು ಮೇಲೆ ಹೀಗೇ.

ಇವತ್ತು ಊಟದ ಹೊತ್ತಿಗೆ ರಿಸೆಪ್ಷನ್ನಿನಿಂದ ಕರೆ ಬಂತು, ನಿಮ್ಮ ಕಡೆಯ ಹಿರಿಯರು ಬಂದಿದ್ದಾರೆ ಎಂದು. ಹೋದರೆ ಬಿಳಿ ಜುಬ್ಬಾ, ಹಣೆಯಲ್ಲಿ ವಿಭೂತಿ, ಕೊರಳಿಗೆ ಸಂದರ್ಶಕರ ಪಟ್ಟಿ. ಜಹೀರಾಬಾದಿನ ಸಿದ್ದರಾಮಪ್ಪ ಎಂದು ಹೆಸರು ಹೇಳಿದರು. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿದೆ. ಅವರು ಸುತ್ತ ನೋಡಿ, ದನಿ ತಗ್ಗಿಸಿದರು.

"ತಂಗೀ, ನಮ್ಮಣ್ಣನ ಮಗಳು ವೇದವತಿ, ನಿಮ್ಮ ಶರಣಕುಮಾರ ಒಬ್ಬರಿಗೊಬ್ಬರು ಒಪ್ಪಿ ತಿಂಗಳಾತು. ಸಕ್ಕರಿ ಕಾರ್ಯ ಮಾಡಿ ಲಗ್ನಾ ಗಟ್ಟಿ ಮಾಡೂಕ ಮುಂಚೆ ಒಂದ್ ಮಾತ ವಿಚಾರಿಸೂಣಂತ ಬಂದೆ. ಯಾರ್ನ ಕೇಳೂಣ ಅಂದ್ರ, ಹುಡುಗಾನೇ ನಿನ್ನ ಹೆಸರ ಕೊಟ್ಟ. ತಂಗಿ ಅದಾಳ, ಒಂದೇ ಆಫೀಸು, ಆಕಿಗೆ ಎಲ್ಲಾ ಗೊತ್ತು ಅಂದ."

ನಾನು ಚಹಾದ ಲೋಟ ಕೆಳಗಿಟ್ಟೆ.

"ಕುಡಿಯೂದು, ತಿನ್ನೂದು?"

"ಅಣ್ಣ ಮಜ್ಜಿಗೆಗೂ ನೀರು ಬೆರೆಸಿ ಕುಡಿಯುತ್ತಾನೆ."

"ಮತ್ತ... ಹೆಣ್ಮಕ್ಕಳ ವಿಷಯದಾಗ? ತಪ್ಪ ತಿಳಕೋಬ್ಯಾಡವ್ವ, ಈ ಹೈಟೆಕ್ ಸಿಟಿ ಸುದ್ದಿ ಏನೇನೋ ಕೇಳತೀವಿ."

"ಅಣ್ಣ ಕಣ್ಣೆತ್ತಿ ನೋಡುವುದಿಲ್ಲ," ಎಂದೆ. "ಅವನಿಗೆ ಎದುರಿಗಿರುವುದೇ ಕಾಣುವುದಿಲ್ಲ."

ಅವರು ಬಹಳ ಸಂತೋಷಪಟ್ಟರು. ಹೋಗುವಾಗ ನನ್ನ ತಲೆ ಮುಟ್ಟಿ, "ಇಂಥಾ ತಂಗಿ ಇದ್ದ ಮ್ಯಾಲ ಹುಡುಗ ಬಂಗಾರನ ಬಿಡು," ಎಂದರು.

ಒಪ್ಪಿ ತಿಂಗಳಾಯಿತು. ಹೋದ ಶನಿವಾರ ನೀನು ನನ್ನ ಕೋಣೆಯಲ್ಲಿದ್ದೆ. ಅದರ ಹಿಂದಿನ ಶನಿವಾರವೂ. ನನ್ನ ತೋಳಿನ ಮೇಲೆ ತಲೆಯಿಟ್ಟು, ನಮ್ಮೂರ ತೋಟಕ್ಕೆ ನುಗ್ಗಿದ ಕಾಡುಕೋಣದ ಕತೆ ಹೇಳೆಂದು ಪೀಡಿಸಿದೆ. ಹೇಳಿದೆ. ಬಾಯಿ ನಿನಗೂ ಇತ್ತು.

ನೀನು ಮದುವೆಯಾಗುವುದಕ್ಕೆ ನನ್ನ ತಕರಾರಿಲ್ಲ. ಸಂವಿಧಾನದಲ್ಲಿ ಅದಕ್ಕೆ ಅವಕಾಶವಿತ್ತು. ಇದ್ದ ಒಂದೇ ನಿಯಮವನ್ನು ಮುರಿಯಬಾರದಿತ್ತು. ಮುರಿದದ್ದು ಸಾಲದು ಎಂದು, ನಿನ್ನ ಶೀಲಕ್ಕೆ ಸಾಕ್ಷಿಯಾಗಿ ನನ್ನನ್ನೇ ನಿಲ್ಲಿಸಿದೆಯಲ್ಲ, ಆ ಧೈರ್ಯಕ್ಕೆ ಯಾವ ಬಿರುದು ಕೊಡಬೇಕೋ ತಿಳಿಯದೆ ಒದ್ದಾಡುತ್ತಿದ್ದೇನೆ.

ನಿಮ್ಮ ಪ್ರಾಮಾಣಿಕ ಸಾಕ್ಷಿದಾರಳು,
ಕೃಪಾ

———

ಕೋಠಿ
೧೨ ಸೆಪ್ಟೆಂಬರ್

ಕೃಪಾ,

ಹೇಳಬೇಕಂತ ಪ್ರತಿ ಶನಿವಾರ ಅನಕೊಂಡೇ ಬರತಿದ್ದೆ. ನೀ ಬಾಗಿಲಾ ತಗದ ಕೂಡಲೇ ಏನರ ಒಂದು ನಗಸ್ತಿದ್ದಿ. ಹೇಳಾಕ ಆಗತಿರಲಿಲ್ಲ. ನಂದು ತಪ್ಪು.

ಆದರ ಒಂದ್ ಮಾತ. ನಮ್ಮ ನಡುವ ಇದ್ದದ್ದಕ್ಕ ಹೆಸರ ಇಡಬ್ಯಾಡ ಅಂದಾಕಿ ನೀನ. ಹೆಸರಿಲ್ಲದ್ದನ್ನ ನಾ ಅವ್ವಗ ಏನಂತ ಹೇಳಲಿ? ನೀವು ಕರಾವಳಿಯವ್ರು. ನಿಮ್ಮ ಕಡೆ ಇದೆಲ್ಲಾ ನಡೀತೈತಿ, ಹೆಣ್ಮಕ್ಕಳು ಸ್ವಲ್ಪ ಫ್ರೀ ಇರತಾರ. ನಮ್ಮ ಕಡೆ ಹಂಗಿಲ್ಲ. ವೇದವತಿಯಂಥಾಕಿಗೆ ಇದು ಗೊತ್ತಾದ್ರ ಆಕಿ ಸತ್ತೇ ಹೋಗತಾಳ.

ಇನ್ನೊಂದು ಕೇಳಬೇಕು. ನಮ್ಮ ಲಗ್ನದಾಗ ಮದುಮಗನ ತಂಗಿ ತುಂಬಿದ ಕಳಸಾ ಹಿಡದು ಅವನ ಬೆನ್ನ ಹಿಂದ ನಿಲ್ಲಬೇಕು. ಕಳಸಗಿತ್ತಿ ಅಂತೀವಿ. ಪಿಂಕಿ ಸೋದರಮಾವನ ಮಗಳು, ನಾ ಲಗ್ನಾ ಆಗಬಹುದಾದ ಸಂಬಂಧ, ಆಕಿ ಹಿಡಿಯಾಕ ಬರೂದಿಲ್ಲ. ಅವ್ವ ನೀನೇ ನಿಲ್ಲಬೇಕಂತ ಹಟಾ ಹಿಡದಾಳ. ಸಿದ್ದರಾಮಪ್ಪನವರೂ ನಿನ್ನ ನೋಡಿ ಹೋಗ್ಯಾರ. ಈಗ ನೀ ಬರಲಿಲ್ಲಂದ್ರ ಅವರಿಗೆ ಸಂಶೇ ಬರತೈತಿ. ಇದೊಂದು ಮಾಡು. ಕೈ ಮುಗೀತೀನಿ.

ಶರಣು

———

ಮಾದಾಪುರ
೧೫ ಸೆಪ್ಟೆಂಬರ್

ಘನತೆವೆತ್ತ 'ನಮ್ಮ ಕಡೆ'ಯ ಪ್ರತಿನಿಧಿಗಳಿಗೆ, 'ನಿಮ್ಮ ಕಡೆ'ಯ ರಾಯಭಾರಿಯ ಉತ್ತರ.

ನಮ್ಮ ಕಡೆ ಏನು ನಡೆಯುತ್ತದೆ ಎಂಬ ಬಗ್ಗೆ ತಮ್ಮ ಪಾಂಡಿತ್ಯ ಕಂಡು ಬೆರಗಾದೆ. ಸ್ವಲ್ಪ ಸೇರಿಸುತ್ತೇನೆ. ನನ್ನ ಅಮ್ಮನ ಅಮ್ಮ, ಮೊದಲ ಗಂಡ ಸರಿಬರಲಿಲ್ಲವೆಂದು ಪೆಟ್ಟಿಗೆ ಹೊತ್ತು ತವರಿಗೆ ಬಂದು, ಇನ್ನೊಬ್ಬನನ್ನು ಕಟ್ಟಿಕೊಂಡವಳು. ಆಗ ನಮ್ಮವರಲ್ಲಿ ಅದು ಸುದ್ದಿಯೇ ಅಲ್ಲ. ಅದೇ ಅಜ್ಜಿಯ ಮಗಳು, ಅಂದರೆ ನನ್ನ ಅಮ್ಮ, ನಾನು ಕಾಲೇಜಿನಲ್ಲಿ ಒಬ್ಬ ಹುಡುಗನ ಬೈಕಿನಲ್ಲಿ ಕೂತದ್ದಕ್ಕೆ ಒಂದು ವಾರ ಮಾತು ಬಿಟ್ಟಳು. ಇಬ್ಬರೂ ಒಂದೇ ಒಲೆಯ ಮುಂದೆ ಕೂತು ಪತ್ರೊಡೆ ಮಾಡುತ್ತಿದ್ದರು. ಇದರಲ್ಲಿ 'ನಮ್ಮ ಕಡೆ' ಯಾವುದು, ಆರಿಸಿಕೊಡು.

ನನ್ನ ಕೋಣೆಗೆ ಬಂದವನು ಕೋಠಿಯವನು. ಆಗ ನಿನ್ನ ಕಡೆ ಎಲ್ಲಿತ್ತು? ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರುತ್ತಿದ್ದೆಯಾ?

ಆನಿಕಾ ಒಂದು ಸಲ ಹೇಳಿದ್ದಳು. ಬೆಳಿಗ್ಗೆ ಅವಳಮ್ಮನ ವೀಡಿಯೊ ಕಾಲ್ ಬಂದಾಗ ಹಿಂದೆ ವಿಜಯಕುಮಾರ ಲುಂಗಿಯಲ್ಲಿ ಓಡಾಡುತ್ತಿದ್ದನಂತೆ. ಅವಳಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅವನು ಮೊಟ್ಟೆ ತಿನ್ನುತ್ತಾನಾ?" ಇಲ್ಲಿಯ ಕೆಲಸ ಮುಗಿದು ಊರಿಗೆ ಹೊರಡುವ ಹೊತ್ತಿಗೆ ಆನಿಕಾಳೇ ಅವನನ್ನು ಕೂರಿಸಿಕೊಂಡು, ನಮ್ಮದು ಮುಗಿಯಿತು ಎಂದಳು, ಅವನ ಕೈಲೇ ಸೂಟ್‌ಕೇಸ್ ಎತ್ತಿಸಿಕೊಂಡು ವಿಮಾನ ಹತ್ತಿದಳು. ಅತ್ತವನು ವಿಜಯಕುಮಾರ. ಆದರೆ ಅವನಿಗೆ ಯಾರೂ ಮೋಸ ಮಾಡಲಿಲ್ಲ.

ನಾವು ಅವರನ್ನು ನೋಡಿ ಶನಿವಾರ ರಾತ್ರಿಯನ್ನು ಮಾತ್ರ ಕಲಿತೆವು. ಭಾನುವಾರದ ತಿಂಡಿಯನ್ನು ಕಲಿಯಲಿಲ್ಲ. ಅವರಲ್ಲಿ ಹಗುರವಾದದ್ದು ಹಗುರವಾಗಿಯೇ ಉಳಿಯುತ್ತದೆ, ಏಕೆಂದರೆ ಬಚ್ಚಿಡುವ ಕೆಲಸವಿಲ್ಲ. ನಮ್ಮಲ್ಲಿ ಅದೇ ಹಗುರವನ್ನು ಹೊರಲು ನೀನು ನಿನ್ನ ಅವ್ವ, ಅಪ್ಪ, ಸಿದ್ದರಾಮಪ್ಪ, ವೇದವತಿ ಎಲ್ಲರ ಹೆಗಲನ್ನೂ ಅವರಿಗೆ ಗೊತ್ತಿಲ್ಲದ ಹಾಗೆ ಎರವಲು ಪಡೆದೆ. ಕೈಯಲ್ಲಿ ಕಳಸ ಹಿಡಿಯಬೇಕಾದವಳು ಮಾತ್ರ ನಾನು!

"ವೇದವತಿಯಂಥಾಕಿ" ಎಂದು ಬರೆದಿದ್ದೀಯ. ನಾನು ಎಂಥಾಕಿ ಎಂದು ಬರೆಯಲಿಲ್ಲ. ಆ ಜಾಗ ಖಾಲಿ ಬಿಟ್ಟದ್ದಕ್ಕೆ ವಂದನೆಗಳು.

ನಿನ್ನ ಅವ್ವನಿಗೆ ನಾನೇ ಬರೆಯುತ್ತೇನೆ. ಅವರು ನನ್ನ ಉಡಿ ತುಂಬಿದವರು. ಅವರಿಗೆ ಸುಳ್ಳು ಹೇಳಿಕೊಂಡು ಅವರ ಕಳಸ ಹಿಡಿಯಲಾರೆ.

ಕೃಪಾ

———

ಮಾದಾಪುರ
೫ ಅಕ್ಟೋಬರ್

ಅವ್ವಾ,

ಇದನ್ನು ಬರೆಯಲು ಕೂತು ಹರಿದು ಹಾಕಿ ವಾರಗಳೇ ಆದವು. ತಮಾಷೆಯಿಲ್ಲದೆ ಬರೆಯುವುದು ನನಗೆ ಅಭ್ಯಾಸವಿಲ್ಲ.

ನಾನು ನಿಮ್ಮ ಮಗನಿಗೆ ರಾಖಿ ಕಟ್ಟಿದವಳಲ್ಲ. ನಾವಿಬ್ಬರೂ ಸುಮಾರು ಹತ್ತು ತಿಂಗಳು, ಮದುವೆಯ ಯೋಚನೆಯಿಲ್ಲದೆ, ಜೊತೆಗಿದ್ದೆವು. ಅವನು ನನಗೆ ಬಲವಂತ ಮಾಡಿಲ್ಲ, ಆಸೆ ತೋರಿಸಿಲ್ಲ. ನಾನೇ ಒಪ್ಪಿ ಇದ್ದದ್ದು. ಅದರ ಬಗ್ಗೆ ನನಗೆ ನಾಚಿಕೆಯಿಲ್ಲ. ನಾಚಿಕೆಯಾಗುವುದು ನಿಮ್ಮ ಮನೆಯಲ್ಲಿ ಮಗಳೆಂದು ಹೇಳಿಸಿಕೊಂಡು ಉಂಡದ್ದಕ್ಕೆ.

ವೇದವತಿಗೆ ಹೇಳುವುದು ಬಿಡುವುದು ನಿಮ್ಮ ಮಗನಿಗೆ ಸೇರಿದ್ದು. ನಾನು ಹೇಳುವುದಿಲ್ಲ. ಕಳಸ ಮಾತ್ರ ನನ್ನ ಕೈಗೆ ಕೊಡಬೇಡಿ. ಬೈಯಬೇಕೆನಿಸಿದರೆ ಫೋನ್ ಮಾಡಿ ಬೈಯಿರಿ, ಕೇಳಿಸಿಕೊಳ್ಳುತ್ತೇನೆ.

ಕೃಪಾ

———

ಕೋಠಿ
೧೨ ಅಕ್ಟೋಬರ್

ಚಿ. ಕುಮಾರಿ ಕೃಪಾಗೆ ಆಶೀರ್ವಾದ.

ನಿನ್ನ ಕಾಗದ ಬಂತು. ಗ್ಯಾಸಿನ ಉರಿಗೆ ಹಿಡದು ಸಿಂಕಿನ್ಯಾಗ ನೀರ ಬಿಟ್ಟೀನಿ. ಹಂಗಾಗಿ ನಾ ಅದನ್ನ ಓದಿಲ್ಲ.

ಪಂಚಮಿ ದಿನ ಊಟಕ್ಕ ಕುಂತಾಗ ಶರಣು ರೊಟ್ಟಿ ಮುರದು, ಗಟ್ಟಿ ಅಂಚು ತಾ ಇಟಗೊಂಡು, ಮೆತ್ತನ್ನದು ನಿನ್ನ ತಾಟಿಗೆ ಹಾಕಿದ. ನೀನೂ ನೋಡದ ತಗೊಂಡು ತಿಂದಿ. ಇಪ್ಪತ್ತೊಂಬತ್ತು ವರ್ಷ ಆ ಹುಡುಗ ತನ್ನ ತಾಯಿಗೆ ಹಂಗ ರೊಟ್ಟಿ ಮುರದು ಕೊಟ್ಟಿಲ್ಲ. ನನಗ ಅವತ್ತ ತಿಳೀತು. ತಿಳದ ಮ್ಯಾಲೇ ನಿನ್ನ ಉಡಿ ತುಂಬಿದ್ದು.

ಯಾಕಂತ ಕೇಳತಿ. ಬೈದು ಹೊರಗ ಹಾಕಿದ್ರ ನಾಕ ಮಂದಿ ಕೇಳತಿದ್ರು, ನಿನ್ನ ಹೆಸರ ಬೀದಿಗೆ ಬೀಳತಿತ್ತು. ನಮ್ಮ ಹುಡುಗಂದು ಬೀಳತಿರಲಿಲ್ಲ, ಹುಡುಗರದ ಯಾವಾಗ ಬೀಳತೈತಿ? ಮಗಳು ಅಂತ ಕರದೆ. ಕಳಸಾ ಹಿಡದು ನಿಂತಾಕಿನ್ನ ಯಾರೂ ಬೆರಳ ಮಾಡಿ ತೋರಿಸೂದಿಲ್ಲ. ಮತ್ತ, ಕಳಸಾ ಹಿಡದಾಕಿ ಮುಂದ ಬ್ಯಾರೆ ಏನೂ ಆಗಾಕ ಬರೂದಿಲ್ಲ. ನಿನಗೂ ಮರ್ಯಾದಿ, ನಮಗೂ ಮರ್ಯಾದಿ. ನಾ ಮೋಸ ಮಾಡಿದೆ ಅಂತಿ ಏನೋ. ನನಗ ಇದಕ್ಕಿಂತ ಚಲೋ ದಾರಿ ಗೊತ್ತಿರಲಿಲ್ಲ.

ನಿಮ್ಮ ವಯಸ್ಸಿನವ್ರಿಗೆ ಎಲ್ಲಾ ಬಾಯಿ ಬಿಟ್ಟು ಹೇಳಿದ್ರ ಹಗುರ ಆಗತೈತಿ. ನೀ ಹಗುರ ಆದಿ. ಇಷ್ಟ ದಿನ ತಿಳೀದಾಕಿ ಹಂಗ ಇದ್ದೆ, ಈಗ ನಾ ತಿಳಿದಾಕಿ ಆದೆ. ಹೇಳದ ಇದ್ದಿದ್ರ ಐತವಾರ ಐತವಾರ ನಿನಗ ರೊಟ್ಟಿ ಬಡೀತಿದ್ದೆ.

ಸೀರಿ ಕಳಸೀನಿ. ಕಳಸಗಿತ್ತಿದು. ಇಲಕಲ್ಲಿನಿಂದ ತರಿಸಿದ್ದು, ಬಣ್ಣಾ ನಾನ ಆರಿಸಿದ್ದು. ಲಗ್ನಕ್ಕ ಬಾ. ನಾ ಏನೂ ಓದಿಲ್ಲ.

ಶಿವದೇವಿ

———

ಮಾದಾಪುರ
೧೬ ನವೆಂಬರ್

ಮದುಮಗ ಶರಣಕುಮಾರ ಅವರ ಸನ್ನಿಧಿಗೆ, ಕೋಠಿ ಸಂಸ್ಥಾನದ ನಿಯೋಜಿತ ಕಳಸಗಿತ್ತಿ ಕುಮಾರಿ ಕೃಪಾ ಸಲ್ಲಿಸುವ ರಾಜೀನಾಮೆ.

ಮುಂದಿನ ಭಾನುವಾರದ ಸಮಾರಂಭಕ್ಕೆ ನಾನು ಬರುವುದಿಲ್ಲ. ಸಿದ್ದರಾಮಪ್ಪನವರು ಕೇಳಿದರೆ ತಂಗಿಗೆ ಆಫೀಸಿನವರು ರಜೆ ಕೊಡಲಿಲ್ಲ ಎಂದುಬಿಡು. ಅವರು ನಂಬುತ್ತಾರೆ. ನಾನೇ ಸರ್ಟಿಫಿಕೇಟು ಕೊಟ್ಟ ಬಂಗಾರವಲ್ಲವೇ ನೀನು.

ಹೊಸ ಮಹಡಿಗೆ ವರ್ಗ ಕೇಳಿದ್ದೆ, ಸಿಕ್ಕಿದೆ. ನಿನ್ನ ಹೆಲ್ಮೆಟ್ಟಿನಲ್ಲಿ ಇದು ಕೊನೆಯ ಕಾಗದ. ಓದಿ, ನಿಮ್ಮ ಮನೆಯ ಪದ್ಧತಿಯಂತೆ, ಓದಿಲ್ಲ ಎಂದುಕೋ.

ನಿನ್ನ ಮೇಲೆ ನನಗಿದ್ದ ಸಿಟ್ಟಿನ ಲೆಕ್ಕ ಸುಲಭದ್ದು. ಹೇಳಬೇಕಾದದ್ದನ್ನು ಹೇಳಲಿಲ್ಲ ನೀನು. ಹೇಡಿಗಳ ಮೇಲಿನ ಸಿಟ್ಟು ಇಳಿಯಲು ಹೆಚ್ಚು ದಿನ ಬೇಕಾಗುವುದಿಲ್ಲ ಎಂದು ಕಂಡುಕೊಂಡಿದ್ದೇನೆ. ನಿನ್ನ ಅವ್ವನದೇ ಕಷ್ಟ. ಹೊಟ್ಟೆ ತುಂಬ ಉಣ್ಣಿಸಿ, ತಲೆ ಬಾಚಿ, ಮಗಳೇ ಎಂದು ಕರೆದು, ಅಷ್ಟೂ ಹೊತ್ತು ನನ್ನ ಸುತ್ತ ಬೇಲಿ ಕಟ್ಟುತ್ತಿದ್ದರು. ಆ ಬೇಲಿಯನ್ನು ಮನೆ ಅಂದುಕೊಂಡೆ ನಾನು. ಊರಿಗೆಲ್ಲ ಟೋಪಿ ಹಾಕುವವಳಿಗೆ ಹಾಕಿದ ಟೋಪಿ! ಅದಕ್ಕಿಂತ ಕೆಟ್ಟದ್ದು, ಅವರು ಹೇಳಿದ್ದು ಸುಳ್ಳಲ್ಲ. ನನ್ನ ಹೆಸರು ಉಳಿಸಿದ್ದೂ ಅವರೇ. ಯಾರನ್ನು ಬೈಯಬೇಕೋ ಅವರೇ ನನ್ನ ಪರವಾಗಿ ನಿಂತಿದ್ದರೆ, ಬೈಗುಳವನ್ನು ಎಲ್ಲಿ ಇಳಿಸುವುದು ಹೇಳು?

ಆನಿಕಾಳಿಗೆ ಫೋನಿನಲ್ಲಿ ಇಡೀ ಕತೆ ಹೇಳಿದೆ. ಅವಳು ಕೇಳಿದಳು, "ಅಲ್ಲ, ನೀನು ಬ್ರೇಕಪ್ ಮಾಡಿಕೊಂಡದ್ದು ಅವನ ಜೊತೆಯಾ, ಅವನ ಅಮ್ಮನ ಜೊತೆಯಾ?" ಅವಳ ದೇಶದಲ್ಲಿ ಅಂಥ ಪ್ರಶ್ನೆಗೆ ಉತ್ತರ ಇರಬಹುದು. ನಾನು ನೆಟ್‌ವರ್ಕ್ ಸರಿಯಿಲ್ಲ ಎಂದು ಇಟ್ಟುಬಿಟ್ಟೆ.

ವೇದವತಿಗೆ ಸುಳ್ಳು ಹೇಳಬೇಡ. ಇದು ತಂಗಿಯ ಮಾತಲ್ಲ, ತಿಳಿದವಳ ಮಾತು. ಅವಳು ಸಾಯುವುದಿಲ್ಲ. ಕೇಳಿದರೆ ಹೇಳು, ಕೇಳದಿದ್ದರೂ ಹೇಳು. ಮೊದಲು, ಸ್ವಂತ ಬಾಯಿಂದ.

ಹುದ್ದೆಗೆ ಸಂಬಂಧಪಟ್ಟ ಸಕಲ ಚಿಹ್ನೆಗಳನ್ನೂ ಈ ಮೂಲಕ ಹಿಂತಿರುಗಿಸಲಾಗಿದೆ. ಡಬ್ಬಿಗಳನ್ನು ತೊಳೆದು ನಿನ್ನ ಡೆಸ್ಕಿನ ಕೆಳಗಿಟ್ಟಿದ್ದೇನೆ. ಸೀರೆಯನ್ನು ನಿನ್ನೆಯೇ ಕೊರಿಯರ್ ಮಾಡಿದ್ದೇನೆ. ಇನ್ನು ನಮ್ಮ ಎರಡೂ ಸಂಸ್ಥಾನಗಳ ನಡುವೆ ಯಾವ ವ್ಯವಹಾರವೂ ಬಾಕಿಯಿಲ್ಲ.

ಇಂತಿ,
ಮಾಜಿ ತಂಗಿ, ಮಾಜಿ ಸಾಕ್ಷಿ, ಹಾಗೂ ಹೆಸರಿಡದ ಇನ್ನೊಂದು ಹುದ್ದೆಯ ಮಾಜಿ,
ಕೃಪಾ

ಮರೆತಿದ್ದೆ: ಸೀರೆಯನ್ನು ಕೊರಿಯರ್ ಮಾಡಿಲ್ಲ. ಉಟ್ಟುಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ. ಬಣ್ಣ ಒಪ್ಪುತ್ತದೆ.